ರಕ್ತ ಕ್ಯಾನ್ಸರ್‌ಗೆ ದೂರದ ಡಾಕ್ಟರ ಹತ್ತಿರ ಹೋಗುವಾಗ ವಿಮೆ ಯಾವುದಕ್ಕೆ ಸಿಗುತ್ತೆ?



ಈ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಒಬ್ಬರು ಇದನ್ನು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಮನೆಯಲ್ಲಿ ವಿಮೆ ಪಾಲಿಸಿ ಇದ್ದವರು ಅದನ್ನೂ ತನ್ನಿ.

ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರ್. ಮೂಳೆಯ ಮಜ್ಜೆಯಲ್ಲಿ ಬಲಿಯದ ಬಿಳಿ ಕಣಗಳು ಮಿತಿಮೀರಿ ಬೆಳೆದು ಒಳ್ಳೆಯ ಕಣಗಳಿಗೆ ಜಾಗ ಇಲ್ಲದ ಹಾಗೆ ಮಾಡುತ್ತವೆ. ಬಿಡದ ಜ್ವರ, ಬಿಳಿಚಿದ ಮುಖ, ವಸಡಿನಲ್ಲಿ ರಕ್ತ, ಏಟು ಬೀಳದೆ ಮೈಮೇಲೆ ನೀಲಿ ಕಲೆ, ಮಕ್ಕಳಲ್ಲಿ ಕಾಲುಮೂಳೆ ನೋವು, ಇವು ಕಂಡರೆ ದೃಷ್ಟಿ ಆಗಿದೆ ಅಂತ ದಿನ ಕಳೀಬೇಡಿ. ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯಲ್ಲಿ ಚಿಕಿತ್ಸೆ ಪೂರ್ತಿ ಸಿಕ್ಕರೆ ಬಹುಪಾಲು ಮಕ್ಕಳು ಗುಣವಾಗ್ತಾರೆ. ಆದರೆ ಅದು ಎರಡು ಮೂರು ವರ್ಷದ ಚಿಕಿತ್ಸೆ. ದುಡ್ಡು ಮುಗಿದು ನಡುವೆ ನಿಲ್ಲಿಸಿದರೆ ರೋಗ ಮತ್ತೆ ತಲೆ ಎತ್ತುತ್ತೆ. ಆದ್ದರಿಂದ ಮೊದಲ ದಿನದಿಂದಲೇ ಕಾಗದ ಸರಿಯಾಗಿರಬೇಕು.

ಒಂದು ಮಾತು ಎಲ್ಲರೂ ತಿಳ್ಕೊಳ್ಳಿ. ನಮ್ಮಲ್ಲಿ ವಿಮೆ ಹೆಚ್ಚಾಗಿ ಕೊಡೋದು ಆಸ್ಪತ್ರೆ ಸೇರಿದ ಚಿಕಿತ್ಸೆಗೆ, ಡಾಕ್ಟರನ್ನು ಕಂಡು ಬರೋದಕ್ಕಲ್ಲ. "ಕಾರ್ಡ್ ಇದೆಯಲ್ಲಾ" ಅಂತ ಬರಿಗೈಲಿ ಬೆಂಗಳೂರಿಗೆ ಹೊರಟವರು ಪರೀಕ್ಷೆಯ ಬಿಲ್ ನೋಡಿ ಗಾಬರಿ ಆಗೋದು ಇದಕ್ಕೇ.

ಮೊದಲು ಸರ್ಕಾರಿ ಯೋಜನೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಒಳಗೆ. ಉಳಿದದ್ದು ಕೈಯಿಂದ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಅದು ಯೋಜನೆಯ ಪಟ್ಟಿಯಲ್ಲಿ ಇರಬೇಕು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ತುರ್ತು ಸ್ಥಿತಿಯಲ್ಲಿ ಮಾತ್ರ ಪತ್ರ ಇಲ್ಲದೆ ನಡೆಯುತ್ತೆ. ಬೆಂಗಳೂರಿನ ಕಿದ್ವಾಯಿ ಸರ್ಕಾರದ್ದೇ ಸಂಸ್ಥೆ. ಅಲ್ಲಿಗೆ ಹೋಗುವಾಗಲೂ ಪತ್ರ, ಹಳೇ ರಿಪೋರ್ಟ್ ಒಯ್ದರೆ ಕೆಲಸ ಬೇಗ ಆಗುತ್ತೆ. ಕಲಬುರಗಿಯಲ್ಲೂ ಕಿದ್ವಾಯಿ ಕೇಂದ್ರ ಇದೆ. ಉತ್ತರದ ಜಿಲ್ಲೆಯವರು ಯಾವ ಚಿಕಿತ್ಸೆ ಅಲ್ಲೇ ಆದೀತು ಅಂತ ವಿಚಾರಿಸಿ.

ಈ ಪತ್ರದಲ್ಲೇ ಅರ್ಧ ಕೆಲಸ ಇದೆ. "ದೊಡ್ಡ ಆಸ್ಪತ್ರೆಗೆ ಹೋಗಿ" ಅಂತ ಒಂದೇ ಸಾಲು ಬರೆದುಕೊಟ್ಟರೆ ಸುಮ್ಮನೆ ಮಡಚಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಬರಬೇಡಿ. ರೋಗದ ಹೆಸರು ಅಥವಾ ಅನುಮಾನ, ಇಲ್ಲಿ ಇಲ್ಲದ ಪರೀಕ್ಷೆ ಯಾವುದು, ಯಾವ ವಿಭಾಗಕ್ಕೆ ಹೋಗಬೇಕು, ತಾರೀಕು, ಸಹಿ, ಸೀಲು, ಇಷ್ಟೂ ಇರಲಿ. ರೋಗಿಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಬೇಕು. ಡಾಕ್ಟರ್ ಬೇಜಾರಾಗ್ತಾರೆ ಅಂತ ಹೆದರಬೇಡಿ, ಕೇಳೋದು ನಮ್ಮ ಹಕ್ಕು. ದೊಡ್ಡ ಆಸ್ಪತ್ರೆ ಮುಟ್ಟಿದ ಕೂಡಲೇ ಮೊದಲು ಆರೋಗ್ಯ ಮಿತ್ರರ ಕೌಂಟರ್, ಆಮೇಲೆ ಬಿಲ್ಲಿನ ಕೌಂಟರ್. ದಾಖಲಾಗುವ ಮುಂಚಿನ 3 ದಿನದ ಪರೀಕ್ಷೆ, ಬಿಡುಗಡೆ ಆದ ಮೇಲೆ 15 ದಿನದ ಔಷಧಿ ಆಯುಷ್ಮಾನ್ ಭಾರತ್ ನಿಯಮದಲ್ಲಿ ಸೇರಿದೆ. ಯೋಜನೆಯಲ್ಲಿ ದಾಖಲಾದ ರೋಗಿಯ ಹತ್ತಿರ ಮತ್ತೆ ದುಡ್ಡು ಕೇಳಿದರೆ ರಸೀದಿ ಇಟ್ಕೊಂಡು 14555ಕ್ಕೆ ಫೋನ್ ಮಾಡಿ.

ಮಗನ ಕಂಪನಿಯದ್ದೋ, ನೀವೇ ಕಟ್ಟಿದ್ದೋ ಖಾಸಗಿ ಪಾಲಿಸಿ ಇದ್ದರೆ ಲೆಕ್ಕ ಬೇರೆ. ಎಷ್ಟೋ ಪಾಲಿಸಿಗಳಲ್ಲಿ ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನದ ಖರ್ಚು ಸಿಗುತ್ತೆ, ಅದೇ ರೋಗಕ್ಕೆ ಆಗಿದ್ದರೆ. ಅಂದರೆ ದೂರದ ತಜ್ಞರನ್ನು ಕಂಡ ಫೀಸು, ಮಜ್ಜೆ ಪರೀಕ್ಷೆಯ ಬಿಲ್ಲು ಹೀಗೆ ವಾಪಸ್ ಬರಬಹುದು. ಚೀಟಿ ಎಸೀಬೇಡಿ! ಹೊರಡುವ ಮೊದಲೇ ಕಂಪನಿಗೆ ಫೋನ್ ಮಾಡಿ, ಆ ಆಸ್ಪತ್ರೆ ನಿಮ್ಮ ಪಟ್ಟಿಯಲ್ಲಿ ಇದೆಯಾ ಕೇಳಿ. ಡಾಕ್ಟರ ಭೇಟಿಗೆ ಹಣ ಕೊಡುವ ಪಾಲಿಸಿಯಾದರೆ ಫೋನಿನಲ್ಲಿ ಮಾಡಿದ ಭೇಟಿಯನ್ನೂ ಒಪ್ಪಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲೇ ಹೇಳಿದೆ.

ರೋಗ ಗೊತ್ತಾದ ಮೇಲೆ ಪಾಲಿಸಿ ಮಾಡಿಸಿದರೆ ಕೂಡಲೇ ಪ್ರಯೋಜನ ಇಲ್ಲ. ಮೊದಲೇ ಇದ್ದ ರೋಗಕ್ಕೆ 3 ವರ್ಷದವರೆಗೆ ಕಾಯಿಸಬಹುದು. ರೋಗ ಮುಚ್ಚಿಟ್ಟು ಸಹಿ ಹಾಕಿದರೆ ಕಟ್ಟಿದ ದುಡ್ಡೂ ಹೋದೀತು.

ಖಾಸಗಿ ಕಂಪನಿ ಆಗಲ್ಲ ಅಂದರೆ ಕಾರಣ ಬರೆದು ಕೊಡಿ ಅನ್ನಿ. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಿರಿ. ಆಮೇಲೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಿ. ಫೀಸು ಇಲ್ಲ, ವಕೀಲರೂ ಬೇಡ. 155255ಕ್ಕೆ ಫೋನ್ ಮಾಡಿಯೂ ದೂರು ಬರೆಸಬಹುದು.

ಇನ್ನು ಉಳಿಯೋದು ದಾರಿ ಖರ್ಚು, ಊಟ, ಹೋದ ಕೂಲಿ. ಇದನ್ನು ವಿಮೆ ಸಾಮಾನ್ಯವಾಗಿ ಕೊಡಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಶೇಕಡಾ 75. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು. 2023ರ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ ಇದೆ. ಅಷ್ಟಾದ ಮೇಲೂ ಬೇಕಾಗುವ ದುಡ್ಡಿಗೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಡಿ. ಸಂಘದ ಆಂತರಿಕ ಸಾಲ ಇಂಥದ್ದಕ್ಕೇ ಇರೋದು. ತುರ್ತು ಆರೋಗ್ಯ ಸಾಲ ಎಷ್ಟು, ಕಂತು ಯಾವಾಗಿಂದ ಅಂತ ಇವತ್ತೇ ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಪಡಿತರ ಚೀಟಿಯಲ್ಲಿ ಮನೆಯ ಮಕ್ಕಳ ಹೆಸರು ಸೇರಿದೆಯಾ ಅಂತಲೂ ಒಬ್ಬೊಬ್ಬರೂ ನೋಡ್ಕೊಳ್ಳಿ.