ಬಾಲ್ಯದ ಗಾಯ ಮರುಕಳಿಸಿದಾಗ

ಬಾಲ್ಯದಲ್ಲಿ ಹೊಡೆತ, ದೌರ್ಜನ್ಯ, ತಾತ್ಸಾರ ಉಂಡವರ ಚೇತರಿಕೆ ಒಂದೇ ಸಮನೆ ಸಾಗುವುದಿಲ್ಲ. ತಿಂಗಳುಗಟ್ಟಲೆ ನೆಮ್ಮದಿಯಿಂದ ಇದ್ದವರಿಗೂ ಒಂದು ವಾಸನೆ, ಏರಿದ ದನಿ, ಮದುವೆಮನೆಯಲ್ಲಿ ಕಂಡ ಹಳೆಯ ಮುಖ ಸಾಕು. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾರುತ್ತದೆ. ಹಿಂದೆ ಅಪಾಯ ಕಂಡ ಮೈ ಅದರ ಸುಳಿವಿಗೇ ಎಚ್ಚರಗೊಳ್ಳುವ ಬಗೆ ಇದು. ಭಕ್ತಿ ಕಡಿಮೆಯಾದ ಗುರುತಲ್ಲ, ಕರ್ಮಫಲವಂತೂ ಅಲ್ಲವೇ ಅಲ್ಲ.

ಇಂಥ ಹೊತ್ತಿನಲ್ಲಿ ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದ ದೂದಪೀರ ದರ್ಗಾಗಳಲ್ಲಿ ಮನಸ್ಸು ಹಗುರಾಗುವುದು ನಿಜ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಊಟ, ವಸತಿಯೊಂದಿಗೆ ಸಂಗೀತವೂ ದಕ್ಕುತ್ತದೆ. ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ನಿತ್ಯದ ಸಾಧನೆ, ಜೊತೆಗಿರುವ ಜನ, ಕೈಬಿಡದ ಗುರು: ಗಾಯಗೊಂಡ ಮನಸ್ಸಿಗೆ ಬೇಕಾದದ್ದು ಬಹುಪಾಲು ಇವೇ.

ಆದರೆ ‘ಕ್ಷಮಿಸಿಬಿಡು’ ಎಂದು ಒತ್ತಾಯಿಸುವುದು, ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು ಹೊಸ ಗಾಯ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಾಗ ಹಳೆಯದು ನುಗ್ಗಿ ಬಂದರೆ ಕಣ್ಣು ತೆರೆದು, ಪಾದ ನೆಲಕ್ಕೂರಿ, ಅಲ್ಲಿಗೇ ನಿಲ್ಲಿಸಬೇಕು. ಹರಕೆ ಹೊತ್ತೆವೆಂದು ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವೊಂದು ಈಗಲೇ ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮುಖಾಮುಖಿ ಚಿಕಿತ್ಸೆಗೆ ಗದಗದ ಜಿಮ್ಸ್, ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಿವೆ.