ತೆರೆಯ ಹಿಂದಿನ ಮಾತು

ಹುಮನಾಬಾದ್, ಬಸವಕಲ್ಯಾಣಗಳಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವಿಲ್ಲ. ನಮ್ಮ ಹೆದ್ದಾರಿಯನ್ನೇ ಹಿಡಿದು ಸೊಲ್ಲಾಪುರ ದಾಟಿ ಪುಣೆಗೆ ಹೋದರೆ, 1867ರಲ್ಲಿ ಕಟ್ಟಿ ಮುಗಿಸಿದ ಕೆಂಪು ಮಂದಿರವೊಂದಿದೆ. ಜನ ‘ಲಾಲ್ ದೇವಳ’ ಎನ್ನುತ್ತಾರೆ. ನಿಜ ಹೆಸರು ‘ಓಹೆಲ್ ದಾವೀದ್’, ಅಂದರೆ ದಾವೀದನ ಗುಡಾರ.

ಇಂಥ ಮಂದಿರಗಳಲ್ಲಿ ಧರ್ಮಶಾಸ್ತ್ರದ ಸುರುಳಿಗಳನ್ನು ಪವಿತ್ರ ಪೆಟ್ಟಿಗೆಯಲ್ಲಿಟ್ಟು, ಸಾಮಾನ್ಯವಾಗಿ ಅದಕ್ಕೆ ಪರದೆ ಕಟ್ಟುತ್ತಾರೆ. ಅದರ ಹೆಸರು ‘ಪಾರೋಖೆತ್’. ಮೋಶೆ ನೀಲಿ, ಊದಾ, ಕಡುಗೆಂಪು ನೂಲಿನಿಂದ ಮಾಡಿಸಿದ ತೆರೆಗೂ (ವಿಮೋಚನಾಕಾಂಡ 26:31) ಹೀಬ್ರೂ ಭಾಷೆಯಲ್ಲಿ ಇದೇ ಹೆಸರು. ಪ್ರಾಯಶ್ಚಿತ್ತ ದಿನಕ್ಕೆ ಹಲವೆಡೆ ಬಿಳಿ ಪರದೆ. ಮದುವೆಯ ರೇಷ್ಮೆ ಉಡುಪನ್ನೇ ಬಿಚ್ಚಿ ಪರದೆ ಹೊಲಿದುಕೊಟ್ಟ ಹೆಂಗಸರಿದ್ದರು. ಜರ್ಮನಿಯಲ್ಲಿ ಮಗುವಿನ ಸುನ್ನತಿಯ ಬಟ್ಟೆಯನ್ನು ಪಟ್ಟಿಯಾಗಿ ಹೊಲಿದು, ಹೆಸರನ್ನು ಕಸೂತಿ ಮಾಡಿ, ಸುರುಳಿಗೆ ಸುತ್ತಲು ಒಪ್ಪಿಸುತ್ತಿದ್ದರು. ಬಲಿಪೀಠದ ವಸ್ತ್ರ ಒಗೆದು ಮಡಿಸುವ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯೇಸುಸ್ವಾಮಿ ಪ್ರಾಣಬಿಟ್ಟಾಗ ದೇವಾಲಯದ ತೆರೆ ಇಬ್ಭಾಗವಾಯಿತು (ಮತ್ತಾಯ 27:51). ಇದನ್ನೇ ಹಿಡಿದು, ದೇವರು ಯೆಹೂದ್ಯರನ್ನು ಕೈಬಿಟ್ಟರೆಂದು ಮಕ್ಕಳಿಗೆ ಹೇಳುವವರಿದ್ದಾರೆ. ಅದು ಧರ್ಮಸಭೆಯ ಬೋಧನೆಯಲ್ಲ. ಅವರನ್ನು ತಿರಸ್ಕೃತರು, ಶಾಪಗ್ರಸ್ತರು ಎಂದು ಬಿಂಬಿಸಕೂಡದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. ಮನೆಯಲ್ಲಿ ಈ ವಾಕ್ಯ ಓದಿಸುವಾಗ ಹಿಬ್ರಿಯರಿಗೆ 10:19-20ನ್ನೂ ಓದಿಸಿ. ತೆರೆಯ ಮೂಲಕ ದಾರಿ ತೆರೆದ ಮಾತು ಅಲ್ಲಿದೆ.