ಹದಿನೈದು ದಿನ ಎಣಿಸುವುದು ಹೇಗೆ? ಕರೆಂಟ್ ಬಿಲ್ ಆಧರಿಸಿದ ಗಣಿತ ಪಾಠ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಸರಾಸರಿಯ ಪುನರ್ಮನನ ಪಾಠ ತೆಗೆದುಕೊಂಡಿದ್ದೆ. ಮನೆಯ ಕರೆಂಟ್ ಬಿಲ್ ತರಲು ಹಿಂದಿನ ದಿನವೇ ಹೇಳಿದ್ದೆ. ಒಬ್ಬ ಹುಡುಗ ತಂದಿರಲಿಲ್ಲ. ಎಲ್ಲರೆದುರು ಕಾರಣ ಕೇಳಿದೆ. "ಬಾಕಿ ಐತೆ ಅಂತ ಫ್ಯೂಸ್ ಕಿತ್ಕೊಂಡು ಹೋದ್ರು ಮಿಸ್. ಹೇಳ್ದೆ ಕೀಳಬಹುದಾ?" ಎಂದ. ಕೆಲವರು ನಕ್ಕರು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ.

ಆ ಸಂಜೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮನ್ನು ಓದಿದೆ. ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮುನ್ನ ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಾಯಿಮಾತು ಸಾಲದು. ಬಿಲ್ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿಯಂತೆ ಬರುವ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ತಕರಾರು ಇತ್ಯರ್ಥವಾಗುವವರೆಗೆ ಕಡಿತ ಮಾಡುವಂತಿಲ್ಲ. ನನ್ನ ಪಾಠದ ಸರಾಸರಿ ಕಾನೂನಿನಲ್ಲೇ ಇತ್ತು!

ಮರುದಿನ ಕಪ್ಪುಹಲಗೆಯ ಮೇಲೆ ಎರಡು ಸಮಸ್ಯೆ ಬರೆದೆ.

ಚಟುವಟಿಕೆ 1: ನೋಟಿಸ್ ಕೈಸೇರಿದ್ದು 3ನೇ ತಾರೀಖು. ಸಂಪರ್ಕ ಕಡಿತಕ್ಕೆ ಅತಿ ಬೇಗ ಎಂದರೆ ಯಾವ ದಿನ? ಹೆಚ್ಚಿನವರು 3ಕ್ಕೆ 15 ಕೂಡಿಸಿ 18 ಎಂದರು. 'ಪೂರ್ಣ ದಿನ' ಎಂದರೆ ನೋಟಿಸ್ ಬಂದ ದಿನ, ಕಡಿತದ ದಿನ ಎರಡನ್ನೂ ಬಿಟ್ಟು ಎಣಿಸಬೇಕು. 4ರಿಂದ 18ರವರೆಗೆ 15 ದಿನ, ಆದ್ದರಿಂದ ಉತ್ತರ 19. ಇದನ್ನು ಮೊದಲು ಹೇಳಿದವನು ಅದೇ ಹುಡುಗ.

ಚಟುವಟಿಕೆ 2: ಆರು ತಿಂಗಳ ಬಿಲ್ 540, 610, 580, 650, 620, 600 ರೂಪಾಯಿ. ಏಳನೇ ತಿಂಗಳು ಇದ್ದಕ್ಕಿದ್ದಂತೆ 4,200. ಆಕ್ಷೇಪಿಸಿ ಎಷ್ಟು ಕಟ್ಟಬೇಕು? ಮೊತ್ತ 3,600, ಸರಾಸರಿ 600. ಆದ್ದರಿಂದ 600 ರೂಪಾಯಿ.

ಪಾಠ ಮುಗಿದ ಮೇಲೆ ಹುಡುಗನನ್ನು ಪ್ರತ್ಯೇಕವಾಗಿ ಕರೆದು, ಮನೆಗೆ ಯಾವುದಾದರೂ ಲಿಖಿತ ನೋಟಿಸ್ ಬಂದಿತ್ತೇ ಎಂದು ಹುಡುಕಲು ಹೇಳಿದೆ. ನೋಟಿಸ್ ಬಂದಿರಲಿ, ಬಿಡಲಿ, ಬಾಕಿ ಮನ್ನಾ ಆಗುವುದಿಲ್ಲ ಎಂಬುದನ್ನೂ ತಿಳಿಸಿದೆ.

ಅವಲೋಕನಕ್ಕೆ ಬಂದಿದ್ದ ಮಾರ್ಗದರ್ಶಕ ಶಿಕ್ಷಕಿ ಪಾಠ ಚೆನ್ನಾಗಿತ್ತೆಂದರು. ಆದರೆ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಬಿಲ್ ತರಲು ಹೇಳಿದ್ದೇಕೆ?" ಬಿಲ್ಲಿನಲ್ಲಿ ಮನೆಯ ಬಾಕಿಯೂ ಕಾಣುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಈ ಪಾಠ ಮಾಡುವ ಸಹಪಾಠಿಗಳು ಮಾದರಿ ಬಿಲ್ಲನ್ನು ತಾವೇ ತಯಾರಿಸಿಕೊಳ್ಳುವುದು ಒಳ್ಳೆಯದು. ಮಕ್ಕಳ ಮನೆಯಿಂದ ಪ್ರಶ್ನೆ ಬರಲಿ, ಕಾಗದ ಬೇಡ.